ಅಜ್ಜಿ ಸಿಸ್ಟರ್ ಬಗ್ಗೆ ವರದಿ

ಜೂನ್ 2, ಸೋಮವಾರ

ಬಂದು ತಲುಪಿದ್ದೇನೆ. ಈ ಪುಸ್ತಕ ಆಸ್ಪತ್ರೆಯ ಗೆಳತಿಯರು ಕೊಟ್ಟಿದ್ದು. “ಅಲ್ಲಿ ಮಾತಾಡೋಕೆ ಯಾರೂ ಸಿಗಲ್ಲ, ಇದರ ಹತ್ರಾನೇ ಗೊಣಗಿಕೊಳ್ಳಿ” ಎಂದರು. ನನ್ನನ್ನು ಚೆನ್ನಾಗಿ ಬಲ್ಲವರು. ಊಟವಾದ ಮೇಲೆ ಒಂದು ಗಂಟೆ ವಿರಾಮ ಇಲ್ಲಿಯೂ ಇದೆ, ಆಗ ಬರೆಯಬಹುದು.

ನಮ್ಮ ಸನ್ಯಾಸಿನಿಯರ ಸಭೆಯ ಮುಖ್ಯಸ್ಥೆ ಮದರ್ ಹೇಳಿ ಕಳಿಸಿದ್ದನ್ನು ಮೊದಲು ಬರೆದಿಡುತ್ತೇನೆ. “ಆರು ವಾರ ಆ ಹಿರಿಯ ಸಿಸ್ಟರ್ ಜೊತೆ ಇರು. ಕಣ್ಣು, ಕೈಕಾಲು, ಜ್ಞಾಪಕಶಕ್ತಿ, ಮೂರನ್ನೂ ಗಮನಿಸು. ಅವರು ಕೆಲಸ ಮುಂದುವರಿಸಬಹುದಾ, ಇಲ್ಲ ವಿಶ್ರಾಂತಿ ಮನೆಗೆ ಕರೆಸಿಕೊಳ್ಳಬೇಕಾ ಅಂತ ವರದಿ ಬರೆದು ಕಳಿಸು. ಅವರಿಗೆ ಈಗಲೇ ಹೇಳಬೇಡ, ನೊಂದ್ಕೋತಾರೆ. ನೀನು ವಾಪಸ್ ಬಂದ ಮೇಲೆ ಮೇಟ್ರನ್ ಹುದ್ದೆಯ ವಿಷಯ ಮಾತಾಡೋಣ.” ಹದಿನಾಲ್ಕು ವರ್ಷ ವಾರ್ಡಿನಲ್ಲಿ ನರ್ಸಾಗಿ ಜೀವ ತೇಯ್ದಿದ್ದೇನೆ. ಆ ಕುರ್ಚಿಗೆ ನನಗಿಂತ ತಕ್ಕವರಿಲ್ಲ. ಇಲ್ಲಿ ಬರೆದುಕೊಂಡರೆ ಜಂಬವಾಗದು, ಯಾರೂ ಓದುವುದಿಲ್ಲವಲ್ಲ.

ಈ ಮನೆಯಲ್ಲಿ ನಾವಿಬ್ಬರೇ ಸಿಸ್ಟರ್‌ಗಳು. ಹಿರಿಯರಿಗೆ ಎಪ್ಪತ್ತೆಂಟು, ಬೀದಿಯ ಜನರ ಬಾಯಲ್ಲಿ ಅವರು ಅಜ್ಜಿ ಸಿಸ್ಟರ್. ಜೊತೆಗೆ ಒಬ್ಬ ಅಡುಗೆಯ ಅಕ್ಕ, ನೀರು ಕಾಯಿಸಿ ಹೊತ್ತು ತರುವ ಒಬ್ಬ ಮುದುಕ. ಅವನನ್ನು ಎಲ್ಲರೂ ನೀರು ಮಾಮ ಅನ್ನುತ್ತಾರೆ. ಅಕ್ಕ ಮತ್ತು ಮಾಮ ನನ್ನನ್ನು ಮನೆ ಖಾಲಿ ಮಾಡಿಸಲು ಬಂದವಳಂತೆ ನೋಡಿದರು. ಅಜ್ಜಿ ಸಿಸ್ಟರ್ ಮಾತ್ರ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. “ಕೈ ತಣ್ಣಗಿದೆ ಸಿಸ್ಟರ್, ಮೊದಲು ಊಟ ಮಾಡಿ” ಎಂದರು.

ಆರು ವಾರ ಬೇಕಿಲ್ಲ. ಒಂದೇ ವಾರದಲ್ಲಿ ಮುಗಿಸಿಬಿಡುವ ಕೆಲಸ.

ಜೂನ್ 3, ಮಂಗಳವಾರ

ಇವರ ಕೆಲಸ ಕಾಲು ತೊಳೆಯುವುದು. ಬೀದಿಯಲ್ಲಿ ಮಲಗುವವರು, ದಿನವಿಡೀ ನಡೆಯುವವರು, ಬರಿಗಾಲಿನವರು, ಹರಿದ ಶೂನವರು ಬೆಳಿಗ್ಗೆ ಏಳಕ್ಕೆ ಪಕ್ಕದ ಬಾಗಿಲಿಗೆ ಬರುತ್ತಾರೆ. ಒಳಗೆ ಉದ್ದದ ಬೆಂಚು, ಐದು ಬೋಗುಣಿ, ಸೋಪು, ಟವೆಲ್ಲು, ಗೋಡೆಯಲ್ಲಿ ಔಷಧಿಯ ಶೆಲ್ಫು. ಅಜ್ಜಿ ಸಿಸ್ಟರ್ ಒಂದು ಮೋಟು ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರ ಕಾಲನ್ನೂ ಮಡಿಲಿಗೆ ಎಳೆದುಕೊಳ್ಳುತ್ತಾರೆ. ತೊಳೆದು, ಉಗುರು ಕತ್ತರಿಸಿ, ಆಣಿ ಹೆರೆದು, ಹುಣ್ಣಿಗೆ ಬ್ಯಾಂಡೇಜ್ ಕಟ್ಟಿ, ದಾನ ಬಂದ ರಾಶಿಯಲ್ಲಿ ಹುಡುಕಿ ಸರಿಹೊಂದುವ ಶೂ ಕೊಡುತ್ತಾರೆ.

ರೋಗಿಯ ಹೆಸರಿಲ್ಲ, ವಯಸ್ಸಿಲ್ಲ, ಹಿಂದಿನ ಕಾಯಿಲೆಯ ವಿವರವಿಲ್ಲ. ನಾನು ಚೀಟಿ ಹಿಡಿದು ಮೊದಲನೆಯವನ ಹೆಸರು ಕೇಳಿದ್ದೇ ತಡ, “ಮೊದಲು ಕಾಲು, ಆಮೇಲೆ ಹೆಸರು ಸಿಸ್ಟರ್” ಎಂದರು. ಈ ಮನೆಯ ಕಾನೂನಂತೆ. ಕಾಲು ತೊಳೆಯುವವರೆಗೆ ಯಾರನ್ನೂ ಏನೂ ಕೇಳುವ ಹಾಗಿಲ್ಲ. ಬಂದವರಿಗೆಲ್ಲ ಮಗನೇ, ಮಗಳೇ. ಅರವತ್ತು ದಾಟಿದ ಗಡ್ಡದವನಿಗೂ ಮಗನೇ!

ನೀರು ಮಾಮ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಜೋರಾಗಿ ಕೂಗುತ್ತಾನೆ. “ಕರ್ನಲ್ ಬಂದ, ಎಡಗಾಲು ಕುಂಟ್ತಾ ಇದ್ದಾನೆ!” ಕರ್ನಲ್ ಎಂದರೆ ಬಸ್ ನಿಲ್ದಾಣದಲ್ಲಿ ಮಲಗುವ ಮನುಷ್ಯ. ಯಾವ ಸೈನ್ಯವನ್ನೂ ಕಂಡವನಲ್ಲ, ಸಿಕ್ಕವರಿಗೆಲ್ಲ ಆಜ್ಞೆ ಮಾಡುವುದರಿಂದ ಆ ಹೆಸರು. ಅವನ ಕಾಲನ್ನು ನಾನು ಮುಟ್ಟಿದ್ದಕ್ಕೆ “ಈಯಮ್ಮನ ಕೈ ಐಸು! ಹಿಂದೆ ಸರಿ!” ಎಂದು ನನಗೇ ಆಜ್ಞೆ ಮಾಡಿದ. ಎಲ್ಲರೂ ನಕ್ಕರು. ಅಜ್ಜಿ ಸಿಸ್ಟರ್ ಎಲ್ಲರಿಗಿಂತ ಜಾಸ್ತಿ ನಕ್ಕರು.

ಕೈಕಾಲು ಗಟ್ಟಿ. ಜ್ಞಾಪಕಶಕ್ತಿ ನನಗಿಂತ ಚೆನ್ನಾಗಿದೆ. ಕಣ್ಣು ನೋಡಬೇಕು.

ಜೂನ್ 6, ಶುಕ್ರವಾರ

ಇಂದು ಸುಮ್ಮನಿರಲು ಆಗಲಿಲ್ಲ. ವಿರಾಮದಲ್ಲಿ ಆ ಕೋಣೆಯನ್ನು ಒಂದು ಕಡೆಯಿಂದ ಸರಿಮಾಡಿದೆ. ಶೆಲ್ಫು ಒರೆಸಿ ಬಾಟಲಿಗಳನ್ನು ಆಸ್ಪತ್ರೆಯ ಕ್ರಮದಲ್ಲಿ ಜೋಡಿಸಿದೆ. ಬಿಸಿನೀರಿನ ಜಗ್ಗು ಸ್ಟೂಲಿನ ಎಡಕ್ಕೆ, ಬೆಂಚಿಗೆ ತಾಗಿ ಇರುತ್ತಿತ್ತು. ಯಾರಾದರೂ ಕಾಲು ತಾಗಿಸಿಕೊಂಡರೆ ಏನು ಗತಿ? ಅದನ್ನು ಬಲಕ್ಕೆ ಇರಿಸಿ, ತಣ್ಣೀರಿನ ಜಗ್ಗನ್ನು ಎಡಕ್ಕೆ ತರಲು ಹೇಳಿದೆ. ನೀರು ಮಾಮ ತಲೆ ಕೆರೆದುಕೊಂಡ.

“ಅದು ಅಲ್ಲೇ ಇರ್ಲಿ ಸಿಸ್ಟರ್.”

“ಯಾಕೆ?”

“ಸುಮ್ನೆ. ಮುಂಚಿನಿಂದ ಹಾಗೇ ಇದೆ.”

ಮುಂಚಿನಿಂದ ಹಾಗೇ ಇದೆ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಳೆ ಬೆಳಿಗ್ಗೆಯಿಂದ ನಾನು ಹೇಳಿದ ಕಡೆ ಇಡು ಎಂದು ಖಡಾಖಂಡಿತವಾಗಿ ಹೇಳಿದೆ. ಈಗ ಕೋಣೆ ನೋಡಲು ಲಕ್ಷಣವಾಗಿದೆ.

ಜೂನ್ 7, ಶನಿವಾರ

ಕರ್ನಲ್‌ನ ಕಾಲಿನ ಸೋಪು ತೊಳೆಯಲು ಅಜ್ಜಿ ಸಿಸ್ಟರ್ ಬಲಗಡೆಯ ಜಗ್ಗು ಎತ್ತಿ ಸುರಿದರು. ಬಿಸಿನೀರು. ಅವನು ಕಿರುಚಿದ ಸದ್ದಿಗೆ ಅಡುಗೆಮನೆಯಿಂದ ಅಕ್ಕ ಓಡಿ ಬಂದಳು. ಕುದಿಯುವ ನೀರಾಗಿರಲಿಲ್ಲ, ದೇವರು ದೊಡ್ಡವನು. ಪಾದ ಕೆಂಪಾಗಿದೆ, ಬೊಬ್ಬೆ ಎದ್ದಿಲ್ಲ. ನಾನು ಹತ್ತು ನಿಮಿಷ ತಣ್ಣೀರು ಹಾಕಿದೆ. ಅಜ್ಜಿ ಸಿಸ್ಟರ್ ಅವನ ಇನ್ನೊಂದು ಕಾಲನ್ನು ಎದೆಗೆ ಅವುಚಿಕೊಂಡು “ತಪ್ಪಾಯ್ತು ಮಗನೇ, ತಪ್ಪಾಯ್ತು” ಎನ್ನುತ್ತಲೇ ಇದ್ದರು.

ನಮ್ಮ ಸಭೆಯ ಪದ್ಧತಿಯಂತೆ ಶನಿವಾರ ಊಟಕ್ಕೆ ಮುಂಚೆ ಸಿಸ್ಟರ್‌ಗಳು ಆ ವಾರದ ತಪ್ಪನ್ನು ಎಲ್ಲರ ಎದುರು ಒಪ್ಪಿಕೊಳ್ಳಬೇಕು. ಎಲ್ಲರೂ ಎಂದರೆ ಇಲ್ಲಿ ನಾವಿಬ್ಬರೇ. ಅಜ್ಜಿ ಸಿಸ್ಟರ್ ಕಷ್ಟಪಟ್ಟು ಮೊಣಕಾಲೂರಿ, “ನನ್ನ ಅಜಾಗರೂಕತೆಯಿಂದ ಒಬ್ಬ ಬಡವನಿಗೆ ನೋವಾಯ್ತು” ಎಂದರು. ನನ್ನ ಸರದಿ ಬಂತು. ಪ್ರಾರ್ಥನೆಯಲ್ಲಿ ನಿದ್ದೆ ಬಂದಿತ್ತು ಎಂದೆ.

ಎಷ್ಟು ಜಾಣೆ ನಾನು.

ಜೂನ್ 8, ಭಾನುವಾರ

ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದ ಮೇಲೆ ಅಡುಗೆಯ ಅಕ್ಕ ನನ್ನನ್ನು ಪಾತ್ರೆ ತೊಳೆಯುವ ಮೂಲೆಗೆ ಕರೆದು ಬಾಯಿಗೆ ಬಂದದ್ದು ಹೇಳಿದಳು.

“ನರ್ಸ್ ಅಂತೀರಾ, ಆರು ದಿನದಿಂದ ಪಕ್ಕದಲ್ಲೇ ಕೂತಿದ್ದೀರಾ, ಗೊತ್ತಾಗ್ಲಿಲ್ವಾ? ಅಜ್ಜಿ ಸಿಸ್ಟರ್‌ಗೆ ಕಣ್ಣು ಕಾಣಲ್ಲ. ಬೆಳಕು, ನೆರಳು, ಅಷ್ಟೇ. ಎರಡು ವರ್ಷ ಆಯ್ತು. ಡಾಕ್ಟರ್ ಕೈ ಚೆಲ್ಲಿಬಿಟ್ರು, ಆಪರೇಷನ್‌ಗೂ ಆಗಲ್ಲವಂತೆ. ನಾನು ಇಟ್ಟಿದ್ದು ಇಟ್ಟಲ್ಲೇ ಇಡ್ತೀನಿ, ಮಾಮ ಬಂದೋರ ಹೆಸರು ಕೂಗ್ತಾನೆ, ಹಾಗೆ ನಡೀತಾ ಇದೆ. ನೀವು ಬಂದ್ರಿ, ಎಲ್ಲ ತಿರುಗಿಸಿ ಇಟ್ರಿ.”

ಹದಿನಾಲ್ಕು ವರ್ಷದ ಅನುಭವಿ ನರ್ಸಿನ ಕಣ್ಣಿಗೆ ಒಬ್ಬ ಅಡುಗೆಯವಳೂ ಒಬ್ಬ ನೀರಿನವನೂ ಸೇರಿ ಮಣ್ಣೆರಚಿದ್ದಾರೆ. ಸಿಟ್ಟು ಬರಬೇಕಿತ್ತು. ನಾಚಿಕೆಯೇ ಜಾಸ್ತಿ ಬಂತು.

ಜಗ್ಗುಗಳನ್ನು ಮೊದಲಿನಂತೆ ಇಟ್ಟು ಬಂದೆ. ವರದಿಗೆ ಬೇಕಾದದ್ದು ಸಿಕ್ಕಿದೆ. ಕಣ್ಣು ಇಲ್ಲ. ಇಂದೇ ಬರೆದು ಕಳಿಸಬಹುದು. ಆದರೆ ನನ್ನ ತಪ್ಪಿನ ಮರುದಿನವೇ ಕಳಿಸಿದರೆ ಚೆನ್ನಾಗಿರುವುದಿಲ್ಲ. ನಾಲ್ಕು ದಿನ ಬಿಟ್ಟು ಕಳಿಸುತ್ತೇನೆ.

ಜೂನ್ 14, ಶನಿವಾರ

ಇಂದು ಮೊಣಕಾಲೂರಿ ಹೇಳಿಬಿಟ್ಟೆ. “ಜಗ್ಗು ಜಾಗ ಬದಲಾಯಿಸಿದ್ದು ನಾನು. ಆ ದಿನ ಸುಮ್ಮನಿದ್ದೆ.”

ಅಜ್ಜಿ ಸಿಸ್ಟರ್ ನನ್ನ ತಲೆಯನ್ನು ತಡಕಿ ಮುಟ್ಟಿದರು. “ಗೊತ್ತಿತ್ತು. ಒಂದೇ ವಾರಕ್ಕೆ ಹೇಳಿಬಿಟ್ರಿ. ನಿಮ್ಮ ವಯಸ್ಸಲ್ಲಿ ನನಗಾಗಿದ್ರೆ ತಿಂಗಳು ಬೇಕಾಗ್ತಿತ್ತು. ಏಳಿ, ಸಾರು ಆರ್ತಾ ಇದೆ.”

ಕಣ್ಣಿನ ವಿಷಯವನ್ನೂ ಅವರೇ ಎತ್ತಿದರು. “ಅಕ್ಕ ಹೇಳಿದ್ದಾಳಂತೆ. ಒಳ್ಳೇದಾಯ್ತು ಬಿಡಿ. ನಿಮ್ಮೆದುರಿಗೆ ಕಾಣೋರ ಹಾಗೆ ನಟಿಸಿ ನಟಿಸಿ ಕುತ್ತಿಗೆ ನೋವು ಬಂದಿತ್ತು.” ಆಮೇಲೆ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡರು. ನಾನು ಆಕ್ಷೇಪಿಸಿದ್ದಕ್ಕೆ, “ಕುರುಡಿಗೆ ಎಷ್ಟು ಚಮಚ ಅಂತ ಹೇಗೆ ಗೊತ್ತಾಗ್ಬೇಕು?” ಎಂದರು. ಈ ಮುದುಕಿಯ ಜೊತೆ ಗಂಭೀರವಾಗಿರುವುದು ಬಹಳ ಕಷ್ಟ.

ಜೂನ್ 20, ಶುಕ್ರವಾರ

ಅವರ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡಿದ್ದೇನೆ. ಅವರು ತೊಳೆಯುತ್ತಾರೆ, ನಾನು ಕಂಡದ್ದನ್ನು ಹೇಳುತ್ತೇನೆ. ಹೆಬ್ಬೆರಳಿನ ಉಗುರು ಒಳಗೆ ಬೆಳೆದಿದೆ, ಹಿಮ್ಮಡಿಯ ಬಿರುಕಿನಲ್ಲಿ ಕೀವಿದೆ, ಹೀಗೆ. ಎಷ್ಟೋ ಸಲ ನಾನು ಹೇಳುವ ಮೊದಲೇ ಅವರ ಬೆರಳಿಗೆ ಗೊತ್ತಾಗಿರುತ್ತದೆ. ಇಂದು ಒಬ್ಬ ಹೆಂಗಸಿನ ಪಾದ ಹಿಡಿದು, “ಭಾರ ಹೊತ್ತು ಮೆಟ್ಟಿಲು ಹತ್ತೋ ಕೆಲಸ, ಅಲ್ವಾ ಮಗಳೇ?” ಎಂದರು. ಇಟ್ಟಿಗೆ ಹೊರುವವಳಂತೆ. ಅವಳು ಬೆಪ್ಪಾಗಿ ಕೂತಳು. ಆಮೇಲೆ ತನ್ನ ಇಡೀ ಕಥೆ ಹೇಳಿಕೊಂಡಳು. ನಾನು ಚೀಟಿ ಹಿಡಿದು ಕೇಳಿದ್ದರೆ ಅದರಲ್ಲಿ ಒಂದು ಮಾತೂ ಬರುತ್ತಿರಲಿಲ್ಲ.

ಕರ್ನಲ್ ಇಂದು ನನಗೆ ಬಲಗಾಲು ಕೊಟ್ಟ. ಎಡಗಾಲು ಅಜ್ಜಿ ಸಿಸ್ಟರ್‌ಗೇ ಮೀಸಲು. ನನಗೆ ಬಡ್ತಿ ಸಿಕ್ಕಿತೆಂದು ನೀರು ಮಾಮ ಚಪ್ಪಾಳೆ ತಟ್ಟಿದ.

ವರದಿ ಭಾನುವಾರ ಬರೆಯಬೇಕು.

ಜೂನ್ 28, ಶನಿವಾರ

ಮೂವತ್ತೊಂದು ಜನ. ಸೊಂಟ ಬಿದ್ದುಹೋಗಿದೆ. ವರದಿ ನಾಳೆ.

ಜುಲೈ 3, ಗುರುವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು.

ಸಕ್ಕರೆ ಕಾಯಿಲೆಯ ಒಬ್ಬ ಕಾವಲುಗಾರ ಬಂದಿದ್ದ. ಪಾದ ಮರಗಟ್ಟಿದೆ, ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ನಾನು ಗಾಜ್ ಬಟ್ಟೆ ತರಲು ಎದ್ದು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅಜ್ಜಿ ಸಿಸ್ಟರ್ ಅವನ ಆಣಿ ಹೆರೆಯುತ್ತಿದ್ದರು. ಬ್ಲೇಡು ಪಕ್ಕಕ್ಕೆ ಜಾರಿ ರಕ್ತ ಬೋಗುಣಿಗೆ ಇಳಿಯುತ್ತಿತ್ತು. ಅವನಿಗೆ ನೋವಿಲ್ಲ, ಇವರಿಗೆ ಕಾಣುವುದಿಲ್ಲ. ಇಬ್ಬರೂ ಹವೆಯ ಬಗ್ಗೆ ಹಾಯಾಗಿ ಮಾತಾಡುತ್ತಾ ಕೂತಿದ್ದರು. ನಾನು ಓಡಿಹೋಗಿ ಒತ್ತಿ ಹಿಡಿದೆ.

ಸಣ್ಣ ಗಾಯ, ಮಾಯುತ್ತದೆ. ಆದರೆ ಅಂಥ ಕಾಲಿಗೆ ಸಣ್ಣ ಗಾಯವೇ ಸಾಕು. ಬೆರಳು ಹೋದವರನ್ನು, ಪಾದವೇ ಹೋದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಅಜ್ಜಿ ಸಿಸ್ಟರ್‌ಗೆ “ಏನಿಲ್ಲ, ಸ್ವಲ್ಪ ತರಚಿದೆ” ಎಂದೆ. ಸುಳ್ಳು. ಈಗ ನಾನೂ ಅಕ್ಕನ, ಮಾಮನ ಗುಂಪಿಗೆ ಸೇರಿಬಿಟ್ಟೆ.

ಅವರು ಬ್ಲೇಡು ಹಿಡಿಯಬಾರದು. ನರ್ಸಾಗಿ ನನಗೆ ಇದು ಖಚಿತವಾಗಿ ಗೊತ್ತು. ಹಾಗೆ ಬರೆದರೆ ಅವರನ್ನು ಇಲ್ಲಿಂದ ಕರೆದೊಯ್ಯುತ್ತಾರೆ. ವಿಶ್ರಾಂತಿ ಮನೆಯಲ್ಲಿ ಒಳ್ಳೆಯ ಹಾಸಿಗೆಯಿದೆ, ತೋಟವಿದೆ, ಯಾರ ಕಾಲೂ ಇಲ್ಲ. ಆರು ತಿಂಗಳು ಬದುಕಿದರೆ ಹೆಚ್ಚು. ಏನು ಮಾಡಲಿ ದೇವರೇ.

ಜುಲೈ 8, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಂದು ನೀರು ಮಾಮ ಹಲ್ಲು ಕೀಳಿಸಲು ಹೋಗಿದ್ದ. ಬಾಗಿಲಲ್ಲಿ ಕೂಗುವವರಿಲ್ಲ. ನಾನು ಹಿಂದಿನ ಕೋಣೆಯಲ್ಲಿ ದಾನ ಬಂದ ಶೂಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದೆ. ಅಜ್ಜಿ ಸಿಸ್ಟರ್ ಯಾರನ್ನೋ ಬೈಯುವುದು ಕೇಳುತ್ತಿತ್ತು.

“ಯಾರು ಕೊಟ್ರು ಮಗಳೇ ಈ ಶೂ? ಎರಡು ನಂಬರ್ ಚಿಕ್ಕದು. ಇದನ್ನ ಹಾಕ್ಕೊಂಡು ಎಷ್ಟು ವರ್ಷ ನಡೆದೆ? ಆಣಿ ನೋಡು, ಕಲ್ಲಾಗಿದೆ. ನಿನಗೆ ಹೇಳೋರು ಕೇಳೋರು ಯಾರೂ ಇಲ್ವಾ?”

ಉತ್ತರ ಕೇಳಿಸಲಿಲ್ಲ.

“ಅಳು, ಅಳು, ಪರವಾಗಿಲ್ಲ. ಇಲ್ಲಿ ಎಲ್ಲರೂ ಅಳ್ತಾರೆ. ರಾತ್ರಿ ಮಲಗೋಕೆ ಜಾಗ ಇದೆಯಾ? ತಲೆ ಬಗ್ಗಿಸು, ಹೇನಿದೆಯಾ ನೋಡ್ತೀನಿ.”

ನಾನು ಒಳಗೆ ಬಂದಾಗ ಅವರು ಬ್ಲೇಡು ಹಿಡಿದು ಆಣಿಯ ಮೇಲೆ ಬಾಗಿದ್ದರು. ನನ್ನ ಕಣ್ಣು ನೇರ ಬ್ಲೇಡಿನ ಮೇಲೇ ಹೋಯಿತು. ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆಯಿತು. “ಇನ್ನು ಒಂಚೂರು ಎಡಕ್ಕೆ ಸಿಸ್ಟರ್. ಹಾಂ. ಸಾಕು, ಅಲ್ಲಿಂದ ಆಚೆ ಮೆತ್ತಗಿದೆ, ಕೊಡಿ ನಾನು ಮಾಡ್ತೀನಿ.” ಬ್ಲೇಡು ತೆಗೆದುಕೊಂಡು ಉಳಿದದ್ದನ್ನು ಹೆರೆದು ಮುಗಿಸಿದೆ. ಆಮೇಲೆ ತಲೆ ಎತ್ತಿದೆ.

ಬೆಂಚಿನ ಮೇಲೆ ಮದರ್ ಕೂತಿದ್ದರು.

ಇಂಥ ಒಂಬತ್ತು ಮನೆಗಳನ್ನು ನಡೆಸುವ ಹೆಂಗಸು. ಮಡಿಚಿದ ಉಡುಪಿನ ಅಂಚು ಮೊಣಕಾಲಿನ ಮೇಲೆ, ಒಂದು ಪಾದ ಅಜ್ಜಿ ಸಿಸ್ಟರ್ ಮಡಿಲಲ್ಲಿ, ಮುಖವೆಲ್ಲ ಒದ್ದೆ. ಮದರ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದರು. ಅಜ್ಜಿ ಸಿಸ್ಟರ್ ಆ ಪಾದವನ್ನು ಒರೆಸಿ, ಎಣ್ಣೆ ಹಚ್ಚಿ, ಎರಡೂ ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ತೊಡಿಸಿ, “ಈಗ ಹೇಳು ಮಗಳೇ, ನಿನ್ನ ಹೆಸರೇನು?” ಎಂದರು.

ಮದರ್ ಹೆಸರು ಹೇಳಲಿಲ್ಲ. ಅಜ್ಜಿ ಸಿಸ್ಟರ್ ಹಣೆಗೆ ಮುತ್ತಿಟ್ಟು ಹೊರಗೆ ಬಂದರು. ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, “ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಮುಖ ಎತ್ತಿ ನನ್ನನ್ನೇ ನೋಡಿದ್ರು, ಗುರುತು ಸಿಗಲಿಲ್ಲ. ಪೂರ್ತಿ ಹೋಗಿದೆ ಅಲ್ವಾ?” ಎಂದು ಕೇಳಿದರು.

“ಹೌದು ಮದರ್.”

“ನಿನಗೆ ಯಾವಾಗಿನಿಂದ ಗೊತ್ತು?”

“ಮೊದಲ ವಾರದಿಂದ.”

“ವರದಿ?”

ಇನ್ನೂ ಬರೆದಿಲ್ಲ ಎಂದೆ. ಮದರ್ “ಶುಕ್ರವಾರ ಸಲಹಾ ಮಂಡಳಿ ಸೇರುತ್ತೆ. ಅಷ್ಟರಲ್ಲಿ ನನ್ನ ಕೈಲಿರಲಿ. ಅವರ ಮೇಲಿನ ಪ್ರೀತಿಗೆ ಸುಳ್ಳು ಬರೀಬೇಡ” ಎಂದು ಹೊರಟರು. ಕ್ಯಾನ್ವಾಸ್ ಶೂ ಬಿಚ್ಚಲಿಲ್ಲ. ಹಾಗೇ ನಡೆದು ಹೋದರು, ಕುಂಟದೆ.

ಜುಲೈ 9, ಬುಧವಾರ

ಕಾಲು ತೊಳೆಸಿಕೊಂಡದ್ದು ಮದರ್ ಎಂದು ಇಂದು ಬೆಳಿಗ್ಗೆ ಹೇಳಿದೆ. ಅಜ್ಜಿ ಸಿಸ್ಟರ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. “ಅಯ್ಯೋ, ಹೇನು ನೋಡ್ತೀನಿ ಅಂದೆನಲ್ಲ!” ಆಮೇಲೆ ನಗು ಶುರುವಾಯಿತು. ಅಕ್ಕ ನಕ್ಕಳು, ನೀರು ಮಾಮ ಊದಿದ ದವಡೆ ಹಿಡಿದುಕೊಂಡು ನಕ್ಕ, ನನಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

ನಗು ನಿಂತಾಗ ಅಜ್ಜಿ ಸಿಸ್ಟರ್ ಒಬ್ಬರೇ ಮಾತಾಡಿದರು. “ಹಾಗಾದ್ರೆ ಮದರ್‌ಗೆ ಗೊತ್ತಾಯ್ತು.”

ಅಕ್ಕ ಎದ್ದು ಅಡುಗೆಮನೆಗೆ ಹೋದಳು.

ಜುಲೈ 10, ಗುರುವಾರ

ವರದಿ ಬರೆದೆ. ಅವರ ಬಗ್ಗೆ ಬರೆದದ್ದನ್ನು ಅವರಿಗೆ ಓದಿ ಹೇಳದೆ ಕಳಿಸಲು ಮನಸ್ಸಾಗಲಿಲ್ಲ. ಎದುರು ಕೂರಿಸಿಕೊಂಡು, ನಾನು ಈ ಮನೆಗೆ ಯಾಕೆ ಬಂದೆ ಎಂಬುದನ್ನೂ ಹೇಳಿ, ಪೂರ್ತಿ ಓದಿದೆ.

“ಜ್ಞಾಪಕಶಕ್ತಿ ಚೆನ್ನಾಗಿದೆ. ಕೈಕಾಲು ಗಟ್ಟಿಯಾಗಿವೆ. ಕಣ್ಣು ಕಾಣುವುದಿಲ್ಲ. ಅವರು ಇನ್ನು ಮುಂದೆ ಬ್ಲೇಡು, ಕತ್ತರಿ ಹಿಡಿಯಬಾರದು. ಜುಲೈ ಮೂರರಂದು ಒಬ್ಬರಿಗೆ ಗಾಯವಾಗಿದೆ. ಅದನ್ನು ನಾನು ಅವರಿಂದ ಮುಚ್ಚಿಟ್ಟೆ. ಬ್ಲೇಡಿನ ಕೆಲಸ ನಾನು ಮಾಡುತ್ತೇನೆ. ನೀರು, ಸೋಪು, ಜನರ ಜೊತೆಗಿನ ಮಾತು ಅವರದಾಗಿರಲಿ. ಅದನ್ನು ಅವರಂತೆ ಮಾಡಲು ನನಗೆ ಬರುವುದಿಲ್ಲ, ಕಲಿಯುತ್ತಿದ್ದೇನೆ. ದಯವಿಟ್ಟು ಅವರನ್ನು ಇಲ್ಲಿಂದ ಕರೆದೊಯ್ಯಬೇಡಿ.”

ಬ್ಲೇಡಿನ ಮಾತು ಬಂದಾಗ ಜಪಸರ ಎಣಿಸುತ್ತಿದ್ದ ಅವರ ಕೈ ನಿಂತುಬಿಟ್ಟಿತು. ಕಾವಲುಗಾರನ ಮಾತಿಗೆ ಕಣ್ಣಿಂದ ನೀರು ಇಳಿಯಿತು. “ನಿಜವಾ? ರಕ್ತ ಬಂತಾ?” ಎಂದರು. ಬಂತು ಎಂದೆ.

“ಐವತ್ತೊಂದು ವರ್ಷ ಆಯ್ತು ಆ ಬ್ಲೇಡು ಹಿಡಿದು,” ಎಂದರು. ಆಮೇಲೆ, “ಕಳಿಸಿ. ಒಂದು ಅಕ್ಷರಾನೂ ಬದಲಾಯಿಸಬೇಡಿ.” ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಊಟಕ್ಕೆ ಬರಲಿಲ್ಲ.

ನಾನು ಮಾಡಿದ್ದು ಸರಿ. ಸರಿ ಮಾಡಿದವರಿಗೆ ಇಷ್ಟು ಸಂಕಟ ಆಗಬಾರದಿತ್ತು.

ಜುಲೈ 12, ಶನಿವಾರ

ಬೆಳಿಗ್ಗೆ ಆರೂವರೆಗೆ ಮದರ್ ಫೋನ್ ಮಾಡಿದರು.

“ಅವರು ಅಲ್ಲೇ ಇರ್ಲಿ. ಇಬ್ಬರೂ ನೀನು ಬರೆದ ಹಾಗೇ ನಡೆಸಿ. ಮಂಡಳಿಯಲ್ಲಿ ಒಬ್ಬಿಬ್ಬರು ಒಪ್ಪಲಿಲ್ಲ. ನನ್ನ ಕಾಲು ತೋರಿಸಿದೆ, ಒಪ್ಪಿದ್ರು.” ಆಮೇಲೆ, “ಹುದ್ದೆಗೆ ಇನ್ನೊಬ್ಬರನ್ನ ಹಾಕಬೇಕಾಯ್ತು. ಬೇಜಾರು ಮಾಡ್ಕೋಬೇಡ” ಎಂದರು.

“ಯಾವ ಹುದ್ದೆ ಮದರ್?”

ಲೈನ್ ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ. “ಏನಿಲ್ಲ ಬಿಡು, ಕೆಲಸ ನೋಡು ಹೋಗು” ಎಂದು ಮದರ್ ನಗುತ್ತಾ ಇಟ್ಟುಬಿಟ್ಟರು. ಫೋನ್ ಇಟ್ಟ ಮೇಲೆ ಮೇಟ್ರನ್ ವಿಷಯ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಮದರ್ ಏನೆಂದುಕೊಂಡರೋ. ಇರಲಿ.

ಓಡುತ್ತಾ ಮಹಡಿಯ ಮೇಲಿನ ಅಜ್ಜಿ ಸಿಸ್ಟರ್ ಕೋಣೆಗೆ ಹೋದೆ. ಅವರು ಮಂಚದ ತುದಿಯಲ್ಲಿ ಕೂತಿದ್ದರು. ಮೈಮೇಲೆ ಒಗೆದ ಉಡುಪು, ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ನಿನ್ನೆಯೇ ಕಟ್ಟಿಕೊಂಡು ತಯಾರಾಗಿದ್ದಾರೆ. ಎಲ್ಲಿಗೆ ಹೋಗು ಎಂದರೆ ಅಲ್ಲಿಗೆ ಹೋಗುವ ವಿಧೇಯತೆಯ ವ್ರತ ನಮ್ಮೆಲ್ಲರದೂ ಹೌದು. ಆದರೆ ಹೀಗೆ ಪೆಟ್ಟಿಗೆ ಕಟ್ಟಿ ಕೂರುವುದು ನನ್ನಿಂದಾಗುತ್ತಿರಲಿಲ್ಲ.

“ಗಾಡಿ ಬಂತಾ?” ಎಂದರು.

“ಗಾಡಿ ಇಲ್ಲ, ಗೀಡಿ ಇಲ್ಲ. ನೀವು ಎಲ್ಲೂ ಹೋಗಲ್ಲ.”

ಎರಡು ಸಲ ಹೇಳಿಸಿಕೊಂಡರು. ಆಮೇಲೆ ನನ್ನ ತೋಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಅತ್ತೆ. ಅವರೂ ಅತ್ತರು.

ಪೆಟ್ಟಿಗೆ ನಾನೇ ಬಿಚ್ಚಿದೆ. ಒಂದು ಜೊತೆ ಉಡುಪು, ಒಂದು ಸ್ವೆಟರ್, ಜಪಸರ, ಬಾಚಣಿಗೆ. ಐವತ್ತೊಂದು ವರ್ಷದ ಮನೆ ಬಿಡಲು ಇಷ್ಟೇ. ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಬ್ಲೇಡಿನ ಹಿಡಿ ಇತ್ತು. ಮರದ್ದು, ಅವರ ಬೆರಳಿನ ಗುರುತು ಆಳವಾಗಿ ಕೂತಿದೆ.

“ಅದು ಪೆಟ್ಟಿಗೇಲಿರೋ ವಸ್ತು ಅಲ್ಲ,” ಎಂದರು. “ಹೋಗುವಾಗ ನಿನ್ನ ಕೈಗೆ ಕೊಡೋಣ ಅಂತ ಇಟ್ಟಿದ್ದೆ. ಈಗ ಇಲ್ಲೇ ಕೂತು ಕೊಡ್ತೀನಿ. ತಗೋ ಮಗಳೇ.”

ತೆಗೆದುಕೊಂಡೆ. ನನ್ನ ಬೆರಳಿಗೆ ಅದು ಇನ್ನೂ ಸರಿಯಾಗಿ ಕೂರುವುದಿಲ್ಲ. ಹೊರಗೆ ಆಗಲೇ ಹನ್ನೊಂದು ಜನ ಕೂತಿದ್ದರು, ನೀರು ಮಾಮ ಕೂಗುತ್ತಿದ್ದ. ಇಬ್ಬರೂ ಮುಖ ತೊಳೆದುಕೊಂಡು ಕೆಳಗೆ ಇಳಿದೆವು.